ಅಳತೆ ಕೋಣೆಯ ಹಸಿರು ದೀಪ

ಆ ಮನೆಯಲ್ಲಿ ಇಂಟರ್‌ನೆಟ್ ಸಿಗುತ್ತಿದ್ದದ್ದು ಒಂದೇ ಒಂದು ಮೂಲೆಯಲ್ಲಿ, ಹಿಂದಿನ ಕೋಣೆಯ ಕಿಟಕಿ ಪಕ್ಕ. ಎರಡು ಹೆಜ್ಜೆ ಈಚೆ ಬಂದರೆ ಸಿಗ್ನಲ್ ಮಾಯ. ಊರಿಗೆಲ್ಲ ಇದೇ ಪಾಡು. ಒಬ್ಬರು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಮಾತಾಡುತ್ತಿದ್ದರು, ಇನ್ನೊಬ್ಬರು ಹಿತ್ತಲ ಗೋಡೆಗೆ ಒರಗಿ ಮೆಸೇಜ್ ಕಳಿಸುತ್ತಿದ್ದರು.

ಟೈಲರಕ್ಕನ ಮನೆಯಲ್ಲಿ ಆ ಕಿಟಕಿ ಇದ್ದದ್ದು ಅಳತೆ ಕೋಣೆಯಲ್ಲಿ. ಹೆಂಗಸರು ಅಳತೆ ಕೊಡುವುದು, ಹೊಲಿದ ಬಟ್ಟೆ ತೊಟ್ಟು ನೋಡುವುದು ಎಲ್ಲ ಅಲ್ಲೇ. ಆಳೆತ್ತರದ ಕನ್ನಡಿ, ಬಟ್ಟೆ ನೇತುಹಾಕಲು ನಾಲ್ಕು ಮೊಳೆ, ಬಾಗಿಲಿಗೆ ದಪ್ಪ ಪರದೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ಕಿಟಕಿಗೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ, ಅದರಿಂದ ಕಂಪ್ಯೂಟರಿಗೆ ಒಂದು ವಯರ್. ಎಂಬ್ರಾಯ್ಡರಿ ಮೆಷಿನ್‌ಗೆ ಬೇಕಾದ ಹೂವು, ಬಳ್ಳಿಗಳ ನಮೂನೆಗಳನ್ನು ಅವಳು ಅದರಿಂದಲೇ ಇಳಿಸಿಕೊಳ್ಳುತ್ತಿದ್ದಳು. ದೂರದ ಗಿರಾಕಿಗಳಿಗೆ ಬಟ್ಟೆ ತೋರಿಸಲೆಂದು ಮಾನಿಟರ್ ತಲೆಗೆ ಒಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿದ್ದಳು. ಒಂದು ನಮೂನೆ ಇಳಿಯಲು ಅರ್ಧ ದಿನ ಹಿಡಿಯುತ್ತಿದ್ದರಿಂದ ಮಾನಿಟರ್ ಮಾತ್ರ ಆರಿಸಿ, ಕಂಪ್ಯೂಟರನ್ನು ಹಾಗೇ ಓಡಲು ಬಿಡುವುದು ವಾಡಿಕೆ.

ಎದುರು ಸಾಲಿನಲ್ಲಿ ಟೆಲಿಫೋನ್ ದೊಡ್ಡಮ್ಮನ ಮನೆ. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯ ನಂತರ ಕಂಪ್ಯೂಟರ್ ಹುಚ್ಚು ಹಿಡಿಯಿತು. ಅವರ ಅಡುಗೆಮನೆ ಕಟ್ಟೆಯ ಮೇಲೆ ಕಾಳಿನ ಡಬ್ಬಿಗಳಿಗಿಂತ ಬಿಚ್ಚಿಟ್ಟ ಕಂಪ್ಯೂಟರ್‌ಗಳೇ ಹೆಚ್ಚು. ಬಟ್ಟೆ ಕೊಡಲು ಬಂದಾಗಲೆಲ್ಲ ಟೈಲರಕ್ಕನ ಕಂಪ್ಯೂಟರ್ ನೋಡಿ ಒಂದೇ ರಾಗ.

"ನಿನ್ನ ಕಂಪ್ಯೂಟರ್‌ನ ಆಪರೇಟಿಂಗ್ ಸಿಸ್ಟಂ ತೀರಾ ಹಳೇದಾಯ್ತು ಕಣಮ್ಮ. ಮಾಡಿದ ಕಂಪನಿಯೋರೇ ಅದನ್ನ ಕೈಬಿಟ್ಟಿದ್ದಾರೆ. ಎಲ್ಲಿ ತೂತು ಬಿದ್ರೂ ಮುಚ್ಚೋರಿಲ್ಲ."

"ಓಡ್ತಾ ಇದೆಯಲ್ಲ ದೊಡ್ಡಮ್ಮ, ಇನ್ನೇನು ಬೇಕು?"

"ಅಪ್‌ಡೇಟ್ ಯಾರು ನಿಲ್ಲಿಸಿದ್ದು?"

"ಅಂಗಡಿಯವರೇ ನಿಲ್ಲಿಸಿ ಕೊಟ್ರು. ನಮ್ಮ ಸಿಗ್ನಲ್‌ಗೆ ಅಪ್‌ಡೇಟ್ ಹಾಕಿದ್ರೆ ಎರಡು ದಿನ ಕೆಲಸ ನಿಲ್ಲುತ್ತೆ ಅಂತ."

ಪಂಪ್ ಮನೆಯಲ್ಲಿ ಕೆಲಸಕ್ಕಿದ್ದ ಅವಳ ಗಂಡ ನಗುತ್ತಿದ್ದ. "ದೊಡ್ಡಮ್ಮನ ಬಾಯಿಗೆ ಬಿದ್ರೆ ಕ್ಯಾಲ್ಕುಲೇಟರ್‌ಗೂ ಕಾಯಿಲೆ" ಎನ್ನುತ್ತಿದ್ದ. ದೊಡ್ಡಮ್ಮ ಗೊಣಗುತ್ತ ಹೋಗುತ್ತಿದ್ದರು.

ಒಂದು ದಿನ ನಮೂನೆ ಹುಡುಕುತ್ತಿರುವಾಗ ಸ್ಕ್ರೀನ್ ಇಡೀ ಕೆಂಪಾಯಿತು. ಕಿವಿ ಕೊರೆಯುವ ಶಬ್ದ. "ನಿಮ್ಮ ಕಂಪ್ಯೂಟರ್‌ಗೆ ವೈರಸ್ ತಗುಲಿದೆ. ಎಲ್ಲ ಕಡತಗಳು ಅಳಿಸಿಹೋಗುತ್ತವೆ. ತಕ್ಷಣ ಈ ನಂಬರಿಗೆ ಕರೆ ಮಾಡಿ." ಟೈಲರಕ್ಕ ನಾಲ್ಕು ವರ್ಷ ಕೂಡಿಸಿದ ನಮೂನೆಗಳು ಅದರೊಳಗಿದ್ದವು. ಕರೆ ಮಾಡಿದಳು.

ಆ ಕಡೆಯ ಗಂಡಸಿನ ಮಾತು ಬೆಣ್ಣೆಯಂತಿತ್ತು. "ಹೆದರಬೇಡಿ ಮೇಡಂ, ನಾನು ಹೇಳಿದ ಹಾಗೆ ಮಾಡಿ." ಒಂದು ಚಿಕ್ಕ ಪ್ರೋಗ್ರಾಂ ಹಾಕಿಸಿದ. ಅದು ತೋರಿಸಿದ ಒಂಬತ್ತು ಅಂಕಿಗಳನ್ನು ಓದಿ ಹೇಳಿ ಎಂದ. ಓದಿದಳು. ಮೌಸಿನ ಬಾಣ ಸ್ಕ್ರೀನ್ ಮೇಲೆ ತಾನಾಗಿ ಓಡಾಡಿತು, ಕೆಂಪು ಹೋಯಿತು. "ನಮ್ಮದು ಉಚಿತ ಸೇವೆ" ಎಂದು ಫೋನ್ ಇಟ್ಟ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಅನ್ನಿಸಿರಲಿಲ್ಲ.

ಐದು ವಾರ ಕಳೆಯಿತು. ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ಹೊಸ ಬಟ್ಟೆ ತೊಟ್ಟು ನೋಡಲು ಬಂದಿದ್ದರು. ಅರ್ಧ ಬಿಚ್ಚಿ ಅರ್ಧ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಟೈಲರಕ್ಕ ಭುಜದ ಹತ್ತಿರ ಪಿನ್ ಸಿಕ್ಕಿಸುತ್ತಿದ್ದಳು. ಒಂದು ಪಿನ್ ಕೈಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ತಲೆ ಎತ್ತಿದಾಗ ಕ್ಯಾಮೆರಾ ಕಣ್ಣಿಗೆ ಬಿತ್ತು.

ಅದರ ಪಕ್ಕದ ಹಸಿರು ದೀಪ ಉರಿಯುತ್ತಿತ್ತು.

ಮಾನಿಟರ್ ಆರಿತ್ತು. ಕ್ಯಾಮೆರಾವನ್ನು ಅವಳು ಮುಟ್ಟಿ ಹತ್ತು ದಿನವಾಗಿತ್ತು. ಕೈಗೆ ಸಿಕ್ಕ ಹೂವಿನ ಬಟ್ಟೆಯ ತುಂಡನ್ನು ಕ್ಯಾಮೆರಾ ಮೇಲೆ ಎಸೆದಳು.

"ಏನಾಯ್ತು?" ಎಂದರು ನರ್ಸಮ್ಮ, ಕನ್ನಡಿಯಿಂದ ಕಣ್ಣು ತೆಗೆಯದೆ.

"ಏನಿಲ್ಲ. ಧೂಳು."

ಮಾನಿಟರ್ ಗುಂಡಿ ಒತ್ತಿದಳು. ಸ್ಕ್ರೀನ್ ತುಂಬ ಹೂವು. ತಾನು ಈಗಷ್ಟೇ ಎಸೆದ ಬಟ್ಟೆಯದೇ ಹೂವು, ಕ್ಯಾಮೆರಾಗೆ ಕಂಡಂತೆ, ಮಸುಕಾಗಿ, ತೀರಾ ಹತ್ತಿರದಲ್ಲಿ. ಅವಳು ನೋಡುತ್ತಿದ್ದಂತೆ ಬಾಣ ಅಲುಗಿತು. ಮೌಸ್ ಮೇಲೆ ಯಾರ ಕೈಯೂ ಇರಲಿಲ್ಲ. ಬಾಣ ಮೆಲ್ಲನೆ, ಅವಸರವೇ ಇಲ್ಲದೆ, ಮೂಲೆಗೆ ಹೋಗಿ ಆ ಚಿತ್ರವನ್ನು ಮುಚ್ಚಿತು. ಹಸಿರು ದೀಪ ಆರಿತು.

ನರ್ಸಮ್ಮನನ್ನು ಹೇಗೆ ಕಳಿಸಿದಳೋ ಅವಳಿಗೇ ಗೊತ್ತಿಲ್ಲ. ಮುಂದಿನ ಕೋಣೆಯಲ್ಲಿ ಗುಂಡಿ ಹೊಲಿಯುತ್ತಿದ್ದ ನಾದಿನಿ "ಯಾಕತ್ತಿಗೆ, ಮುಖ ಹೀಗ್ಯಾಕಾಗಿದೆ?" ಎಂದರೂ ನಿಲ್ಲದೆ, ಚಪ್ಪಲಿ ಮೆಟ್ಟದೆ ಎದುರು ಮನೆಗೆ ಓಡಿದಳು.

ಟೆಲಿಫೋನ್ ದೊಡ್ಡಮ್ಮ ಬಂದವರೇ ಮೊದಲು ಕಿಟಕಿ ಬಳಿಯ ಇಂಟರ್‌ನೆಟ್ ವಯರನ್ನು ಕಿತ್ತರು. ಆಮೇಲೆ ಕ್ಯಾಮೆರಾ ಕಿತ್ತರು. ಆಮೇಲೆ ಕುಳಿತರು.

"ಈಗ ಹೇಳು. ಯಾರಾದ್ರೂ ಫೋನ್‌ನಲ್ಲಿ ಹೇಳಿ ಇದಕ್ಕೆ ಏನಾದ್ರೂ ಹಾಕಿಸಿದ್ರಾ?"

ಟೈಲರಕ್ಕ ಎಲ್ಲ ಹೇಳಿದಳು. ಬೈಗುಳ ತಿನ್ನಲು ಸಿದ್ಧಳಾಗಿ ನಿಂತಳು. ದೊಡ್ಡಮ್ಮ ಬೈಯಲಿಲ್ಲ.

"ವಯರಿಗೆ ಎರಡು ತುದಿ ಕಣಮ್ಮ. ನಿನ್ನ ತುದಿ ನಿಂಗೆ ಕಾಣುತ್ತೆ. ಆ ತುದೀಲಿ ಯಾರಿದ್ದಾರೆ ಅಂತ ಮೂವತ್ತು ವರ್ಷ ಕೂತು ಕೇಳಿಸ್ಕೊಂಡ ನಂಗೂ ಎಷ್ಟೋ ಸಲ ಗೊತ್ತಾಗ್ತಿರಲಿಲ್ಲ. ನೀನು ಹಾಕ್ಕೊಂಡ ಪ್ರೋಗ್ರಾಂ ಕಳ್ಳ ಪ್ರೋಗ್ರಾಂ ಅಲ್ಲ. ದೂರದಿಂದ ಕಂಪ್ಯೂಟರ್ ರಿಪೇರಿ ಮಾಡೋರು ಬಳಸೋದೇ. ಆದ್ರೆ ಅವನು ಕೆಲಸ ಮುಗಿಸಿ ಬೀಗದ ಕೈ ವಾಪಸ್ ಕೊಡಲಿಲ್ಲ, ಜೇಬಲ್ಲಿ ಇಟ್ಕೊಂಡ."

"ಏನೇನು ನೋಡಿದಾನೆ ದೊಡ್ಡಮ್ಮ?"

"ಅದು ನಂಗೆ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ. ಯಾವಾಗ ಬಂದಿದ್ದ ಅಂತ ಮಾತ್ರ ಇದರಲ್ಲಿ ದಾಖಲಾಗಿರುತ್ತೆ."

ಪಟ್ಟಿ ತೆರೆದುಕೊಂಡಿತು. ಆ ಕರೆಯಾದ ಮೇಲೆ ಏಳು ಸಲ. ದಿನ, ಗಂಟೆ, ನಿಮಿಷ. ಟೈಲರಕ್ಕ ಅಳತೆ ಪುಸ್ತಕ ತಂದು ಒಂದೊಂದೇ ದಿನ ಹೋಲಿಸಿದಳು. ನಾಲ್ಕು ಸಲ ಕೋಣೆ ಖಾಲಿ. ಒಂದು ಸಲ ಶಾಲೆಯ ಟೀಚರ್. ಒಂದು ಸಲ, ಇವತ್ತು, ನರ್ಸಮ್ಮ. ಮತ್ತೊಂದು ಸಲ, ಒಂದು ಗುರುವಾರ ಸಂಜೆ ನಾಲ್ಕೂವರೆ. ಪುಸ್ತಕದಲ್ಲಿ ಆ ಹೊತ್ತಿಗೆ ಯಾರ ಅಳತೆಯೂ ಇರಲಿಲ್ಲ. ಅದೂ ಖಾಲಿ ಎಂದೇ ಅಂದುಕೊಂಡಳು.

ಸಂಜೆ ಗಂಡ ಬಂದ. ವಿಷಯ ಕೇಳಿ ಅವನ ಮುಖ ಬಿಳಿಚಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ಇದು ಈ ಗೋಡೆಯೊಳಗೇ ಇರಲಿ. ಆ ಡಬ್ಬಾನ ಒಡೆದು ಬಿಸಾಕ್ತೀನಿ. ಯಾರಿಗೂ ಹೇಳಬೇಡ."

"ಆ ಇಬ್ಬರಿಗೆ ಹೇಳಬೇಡ್ವಾ?"

"ಹೇಳಿ ಏನು ಬಂತು? ನಾಳೆಯಿಂದ ಒಬ್ಬಳೂ ಈ ಮೆಟ್ಟಿಲು ಹತ್ತಲ್ಲ. ನಮ್ಮೇಲೇ ಅನುಮಾನ ಪಡ್ತಾರೆ. ನನ್ನ ಮೇಲೆ ಪಡ್ತಾರೆ, ಗಂಡಸಿರೋ ಮನೆ ಅಂತ."

"ಒಡೆದ್ರೆ ಸಾಕ್ಷಿ ಹೋಗುತ್ತಪ್ಪ" ಎಂದರು ದೊಡ್ಡಮ್ಮ. "ಆ ಹಾರ್ಡ್‌ಡಿಸ್ಕ್ ಒಳಗೇ ಎಲ್ಲ ಇರೋದು. ಅದನ್ನ ಪೊಲೀಸ್ರಿಗೆ ತೋರಿಸ್ಬೇಕು."

"ನೀವು ಸುಮ್ನಿರಿ ದೊಡ್ಡಮ್ಮ. ನಿಮಗೇನು, ಇದೊಂದು ಆಟ."

ದೊಡ್ಡಮ್ಮ ತಲೆ ತಗ್ಗಿಸಿದರು. ಪರದೆಯ ಬಳಿ ನಿಂತಿದ್ದ ನಾದಿನಿ ನಿಧಾನಕ್ಕೆ ಒಳಗೆ ಬಂದಳು. ಅಳತೆ ಪುಸ್ತಕದ ಪಕ್ಕ ಆ ಏಳು ಸಮಯ ಬರೆದಿಟ್ಟ ಚೀಟಿಯ ಮೇಲೆ ಬೆರಳಿಟ್ಟಳು.

"ಅಣ್ಣ, ಈ ಗುರುವಾರ ನಾಲ್ಕೂವರೆಗೆ ಒಳಗಿದ್ದದ್ದು ನಾನು. ಅತ್ತಿಗೆ ಅಂಗಡಿಗೆ ಹೋಗಿದ್ರು. ನನ್ನ ಹೊಸ ಬಟ್ಟೆ ಹಾಕಿ ನೋಡ್ತಿದ್ದೆ."

ಅಣ್ಣ ತಂಗಿಯ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದ.

"ನಂಗೆ ಈಗ ಗೊತ್ತಾಯ್ತು" ಎಂದಳು ಅವಳು. "ಹೆದರಿಕೆ ಆಗ್ತಿದೆ. ಆದ್ರೂ ಗೊತ್ತಾಗಿದ್ದು ಒಳ್ಳೇದಾಯ್ತು. ನಾಳೆ ಎಲ್ಲಾದ್ರೂ ನನ್ನ ಚಿತ್ರ ಕಾಣಿಸ್ಕೊಂಡ್ರೆ, ಯಾರಾದ್ರೂ ಹೆದರಿಸಿದ್ರೆ, ಯಾಕೆ ಏನು ಅಂತಾನಾದ್ರೂ ತಿಳಿಯುತ್ತೆ. ಅವರಿಬ್ರಿಗೆ ಅದೂ ಬೇಡ್ವಾ?"

ಅವನು ಕಿಟಕಿಯ ಕಡೆ ನೋಡುತ್ತಲೇ ಹೆಂಡತಿಗೆ ಹೇಳಿದ: "ಬೆಳಗ್ಗೆ ಹೋಗಿ ಹೇಳು. ನಾನೂ ಬರ್ತೀನಿ, ಬಾಗಿಲ ಹೊರಗೆ ನಿಂತಿರ್ತೀನಿ."

ಮರುದಿನ ಮೊದಲು ಟೀಚರ್ ಮನೆ. ಟೈಲರಕ್ಕ ಹೇಳಿ ಮುಗಿಸುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. "ನಿಮ್ಮನ್ನ ನಂಬಿ ಬಂದಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಮೆಟ್ಟಿಲಿಳಿಯುತ್ತ ಟೈಲರಕ್ಕ ಮನೆಗೆ ವಾಪಸ್ ಹೋಗೋಣವೆಂದಳು. ಗಂಡ ಆಸ್ಪತ್ರೆಯ ದಾರಿ ಹಿಡಿದ.

ನರ್ಸಮ್ಮ ಔಷಧಿ ಪೆಟ್ಟಿಗೆಯ ಮುಂದೆ ನಿಂತೇ ಕೇಳಿದರು. ಕೈಯಲ್ಲಿದ್ದ ಹತ್ತಿಯ ಸುರುಳಿ ನೆಲಕ್ಕೆ ಬಿತ್ತು.

"ಧೂಳು ಅಂದ್ರಲ್ಲ ನಿನ್ನೆ."

"ತಪ್ಪಾಯ್ತು. ಹೆದರಿಬಿಟ್ಟಿದ್ದೆ."

ನರ್ಸಮ್ಮ ಬಗ್ಗಿ ಸುರುಳಿ ಎತ್ತಿಕೊಳ್ಳುತ್ತ ಕೇಳಿದರು: "ಆ ಕೆಂಪು ಸ್ಕ್ರೀನ್‌ನಲ್ಲಿ ಜೋರು ಶಬ್ದ ಬರ್ತಿತ್ತಾ? ಮಾತಾಡಿದೋನು ಉಚಿತ ಸೇವೆ ಅಂದ್ನಾ?"

"ಹೌದು."

"ಹೋದ ತಿಂಗಳು ನಮ್ಮ ಮನೆಯವ್ರೂ ಅಂಥದ್ದೇ ಒಂದು ನಂಬರಿಗೆ ಫೋನ್ ಮಾಡಿದ್ರು. ನಮ್ಮ ಕಂಪ್ಯೂಟರ್ ಇರೋದು ಮಗಳು ಮಲಗೋ ಕೋಣೇಲಿ."

ಆ ದಿನವೇ ದೊಡ್ಡಮ್ಮ ನರ್ಸಮ್ಮನ ಮನೆಗೂ ಹೋಗಿ ವಯರ್ ಕಿತ್ತರು. ಅದೇ ಪ್ರೋಗ್ರಾಂ ಅಲ್ಲೂ ಇತ್ತು. ಆ ಬೀದಿಯಲ್ಲಿ ವಿಚಾರಿಸಿದಾಗ ಮತ್ತೊಂದು ಮನೆ ಸಿಕ್ಕಿತು. ಮೂರು ಮನೆಯವರು ಸೇರಿ ಪೊಲೀಸರ ಸೈಬರ್ ವಿಭಾಗಕ್ಕೆ ಹೋದರು. ಟೀಚರ್ ಬಂದಿರಲಿಲ್ಲ, ಆದರೆ ಹೊರಡುವ ಮುಂಚೆ ಒಂದು ಲಕೋಟೆ ಕಳಿಸಿದ್ದರು. ಅದರಲ್ಲಿ ಅವರ ಕೈಬರಹದ ದೂರು ಇತ್ತು. ಹಾರ್ಡ್‌ಡಿಸ್ಕ್, ಆ ಏಳು ಸಮಯಗಳ ಪಟ್ಟಿ, ಕರೆ ಮಾಡಿದ ನಂಬರು ಎಲ್ಲ ಒಪ್ಪಿಸಿದರು. ಒಬ್ಬರೇ ಬಂದಿದ್ದರೆ ಇಷ್ಟು ಬೇಗ ಕೈಗೆತ್ತಿಕೊಳ್ಳುತ್ತಿರಲಿಲ್ಲವೇನೋ ಎಂದು ಅಲ್ಲಿದ್ದ ಅಧಿಕಾರಿಯೇ ಹೇಳಿದರು.

ಆ ಬೆಣ್ಣೆ ಮಾತಿನವನು ಇನ್ನೂ ಸಿಕ್ಕಿಲ್ಲ. ಏನು ನೋಡಿದ, ಏನು ಉಳಿಸಿಕೊಂಡ, ಯಾರಿಗೂ ಗೊತ್ತಿಲ್ಲ. ಪರಿಚಯವಿಲ್ಲದ ನಂಬರಿನಿಂದ ಫೋನ್ ಬಂದರೆ ನಾದಿನಿ ಇವತ್ತಿಗೂ ಬೆಚ್ಚುತ್ತಾಳೆ. ಮೂರು ವಾರ ಅಳತೆ ಕೋಣೆಗೆ ಯಾರೂ ಬರಲಿಲ್ಲ. ನಾಲ್ಕನೇ ವಾರ ನರ್ಸಮ್ಮ ಬಂದರು. ಕೋಣೆಯ ನಾಲ್ಕೂ ಮೂಲೆ ನೋಡಿ, ಕಿಟಕಿ ನೋಡಿ, ಆಮೇಲೆ ಕನ್ನಡಿಯ ಮುಂದೆ ನಿಂತರು. ಅವರನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದರು.

ಅಷ್ಟರಲ್ಲಿ ಮೇಜನ್ನು ಗಂಡನೇ ಹೊರಗೆ ಎಳೆದಿದ್ದ. ಉದ್ದದ ವಯರ್ ತಂದು ಇಂಟರ್‌ನೆಟ್ಟನ್ನು ಕಿಟಕಿಯಿಂದ ಮುಂದಿನ ಕೋಣೆಗೆ ಎಳೆದ. ಇನ್ನು ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು ಎಂದು ದೊಡ್ಡಮ್ಮನನ್ನು ಕೇಳಿದ. ಅವರಿಗೆ ಹಬ್ಬದೂಟ ಬಡಿಸಿದಂತಾಯಿತು.

"ಎಲ್ಲರಿಗೂ ಒಂದೇ ಮಾತ್ರೆ ಕೊಡೋಕಾಗಲ್ಲ. ಹಳೇ ಕಂಪ್ಯೂಟರ್‌ನಲ್ಲೂ ಸುಲಭವಾಗಿ ಓಡೋ, ಕಾಸು ಕೊಡಬೇಕಿಲ್ಲದ ಸಿಸ್ಟಂಗಳಿವೆ. ಅವಕ್ಕೆ ಈಗಲೂ ಅಪ್‌ಡೇಟ್ ಬರುತ್ತೆ. ಆದ್ರೆ ಇವಳ ಎಂಬ್ರಾಯ್ಡರಿ ಸಾಫ್ಟ್‌ವೇರ್ ಅದರಲ್ಲಿ ಓಡಲ್ಲ. ಅದಕ್ಕೆ ಹೀಗೆ ಮಾಡೋಣ. ಇವಳ ಕಂಪ್ಯೂಟರ್‌ಗೆ ಬೇರೆ ಡಿಸ್ಕ್ ಹಾಕಿ ಎಂಬ್ರಾಯ್ಡರಿಗೆ ಮಾತ್ರ ಇಡೋಣ, ಅದಕ್ಕೆ ಇಂಟರ್‌ನೆಟ್ ಬೇಡವೇ ಬೇಡ. ಇಂಟರ್‌ನೆಟ್‌ಗೆ ನನ್ನ ಕಟ್ಟೆ ಮೇಲಿರೋ ಒಂದನ್ನ ಕೊಡ್ತೀನಿ. ನಮೂನೆಗಳನ್ನ ಪೆನ್‌ಡ್ರೈವ್‌ನಲ್ಲಿ ದಾಟಿಸ್ಕೊಳ್ಳಲಿ. ಎಲ್ಲದರ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ."

"ಅಪ್‌ಡೇಟ್‌ಗೆ ಎರಡು ದಿನ ಹಿಡಿಯುತ್ತಲ್ಲ ದೊಡ್ಡಮ್ಮ?" ಎಂದ ಗಂಡ.

"ಬೆಳಗ್ಗೆ ಐದು ಗಂಟೆಗೆ ಹಚ್ಚು. ಆವಾಗ ಟವರ್ ಮೇಲೆ ನೂಕುನುಗ್ಗಲು ಇರಲ್ಲ. ವಾರಕ್ಕೊಂದು ಸಲ. ನೀನು ಪಂಪ್ ಚಾಲೂ ಮಾಡೋಕೆ ಹೇಗೂ ಏಳ್ತೀಯಲ್ಲ."

ಅಂದಿನಿಂದ ಆ ಕೆಲಸ ಅವನದೇ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗುಂಪಿನಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿರುವವರೇ, ಸ್ಕ್ರೀನ್ ಎಷ್ಟೇ ಕೆಂಪಾಗಲಿ, ಎಷ್ಟೇ ಕಿರುಚಲಿ, ಅದು ತೋರಿಸುವ ನಂಬರಿಗೆ ಕರೆ ಮಾಡಬೇಡಿ. ಕಂಪ್ಯೂಟರ್ ಆರಿಸಿ, ತಿಳಿದವರನ್ನು ಕೇಳಿ. ಫೋನಿನಲ್ಲಿ ಯಾರೋ ಹೇಳಿದರೆಂದು ಯಾವ ಪ್ರೋಗ್ರಾಂ ಕೂಡ ಹಾಕಿಕೊಳ್ಳಬೇಡಿ, ಯಾವ ಅಂಕಿಯನ್ನೂ ಓದಿ ಹೇಳಬೇಡಿ. ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಇಂಟರ್‌ನೆಟ್ ಕಿತ್ತುಬಿಡಿ. ನಿಮ್ಮ ಪಾಸ್‌ವರ್ಡ್‌ಗಳನ್ನು ಬೇರೊಂದು ಫೋನಿನಿಂದ ಬದಲಿಸಿ. ಏನನ್ನೂ ಅಳಿಸಬೇಡಿ, ಒಡೆಯಬೇಡಿ, ಪೊಲೀಸರಿಗೆ ತೋರಿಸಿ. ಸಿಗ್ನಲ್ ನಿಧಾನವೆಂದು ಅಪ್‌ಡೇಟ್ ನಿಲ್ಲಿಸಬೇಡಿ. ಬೇಡದ ಹೊತ್ತಿನಲ್ಲಿ ಕ್ಯಾಮೆರಾ ಕಿತ್ತಿಡಿ, ಕೀಳಲು ಬಾರದಿದ್ದರೆ ಒಂದು ಚೂರು ಕಾಗದ ಅಂಟಿಸಿ.

ಮೋಸ ಹೋದದ್ದು ತಿಳಿದರೆ ಮನೆಯವರಿಗೆ ಹೇಳಿ, ನೆರೆಯವರಿಗೂ ಹೇಳಿ. ನಾಚಿಕೆಪಡಬೇಕಾದವನು ವಯರಿನ ಆ ತುದಿಯಲ್ಲಿದ್ದಾನೆ, ನೀವಲ್ಲ.

ಈ ಹಾಳೆಯನ್ನು ಪಕ್ಕದವರಿಗೆ ಕೊಟ್ಟು ಈಗಲೇ ಎದ್ದುಹೋಗಿ, ನಿಮ್ಮ ಮನೆಯ ಕಂಪ್ಯೂಟರ್ ಯಾವ ಕಡೆಗೆ ಮುಖ ಮಾಡಿ ಕುಳಿತಿದೆ ನೋಡಿ ಬನ್ನಿ.