ಜಗದಾಂಬಾ ಬಿಟ್ಟುಕೊಡದ ಸಾಲು

ಮೇ ತಿಂಗಳ ಉರಿಬಿಸಿಲಿನಲ್ಲೂ ವಾಯಲ್ ಸೀರೆಯ ಮೇಲೆ ದಿವಂಗತ ತಂದೆಯ ಬೂದುಬಣ್ಣದ ಉಣ್ಣೆಯ ಕೋಟು ತೊಟ್ಟು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ರಾಜಾಜಿನಗರದ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಿದ್ದ ಜಗದಾಂಬಾ ಅವರನ್ನು ಕಂಡು ನಗದವರು ಕಡಿಮೆ. ಕಂಪ್ಯೂಟರನ್ನು ತಂಪಾಗಿಡಲೆಂದು ಹಗಲಿಡೀ ಕೊರೆಯುವ ಚಳಿಯ ಕೋಣೆಯಲ್ಲಿ ಆಕೆ ದುಡಿಯುತ್ತಾರೆಂಬುದು ನಗುವವರಿಗೆ ತಿಳಿದಿರಲಿಲ್ಲ. ತಿಳಿಸುವ ಗೊಡವೆಗೆ ಆಕೆಯೂ ಹೋಗಲಿಲ್ಲ. ದಾವಣಗೆರೆಯಿಂದ ಗಣಿತದ ಪದವಿ ಪಡೆದು ಬಂದ ಮಿತಭಾಷಿ. ಗಂಟೆ ಎಷ್ಟೆಂದು ಕೇಳಿದರೂ "ನನ್ನ ವಾಚ್ ಪ್ರಕಾರ" ಎಂದೇ ಆರಂಭಿಸುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ಆಕೆಯ ಸಂಸ್ಥೆ ತನ್ನ ಯಂತ್ರಕ್ಕೆ ಎರಡನೆಯ ಪ್ರೊಸೆಸರ್ ಜೋಡಿಸಿತು. ಕೆಲಸ ಇಮ್ಮಡಿಯಾಗುವ ಬದಲು ಕುಂಟತೊಡಗಿತು. ತಿಂಗಳೊಳಗೆ ಸರಿಹೋಗದಿದ್ದರೆ ಅದನ್ನು ಹಿಂದಿರುಗಿಸಿ, ಅದಕ್ಕೆಂದೇ ನೇಮಿಸಿಕೊಂಡಿದ್ದ ಆರು ಮಂದಿಯನ್ನೂ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು; ಆ ಆರರಲ್ಲಿ ಜಗದಾಂಬಾ ಒಬ್ಬರು. ಹನ್ನೊಂದು ದಿನ ಮುದ್ರಿತ ಹಾಳೆಗಳ ರಾಶಿಯೆದುರು ಕೂತು ಆಕೆ ಕಂಡುಕೊಂಡ ಕಾರಣ ಅತ್ಯಲ್ಪವಾದದ್ದು. ಡಿಸ್ಕನ್ನು ಎಷ್ಟು ಸಲ ಓದಿದ್ದಾಯಿತು, ಎಷ್ಟು ಕೆಲಸ ಮುಗಿಯಿತು ಎಂಬ ಅಂಕಿಗಳನ್ನು ಎರಡು ಪ್ರೊಸೆಸರುಗಳೂ ಒಂದೇ ಜಾಗದಲ್ಲಿ ಬರೆಯುತ್ತಿದ್ದವು. ಒಂದು ಬರೆಯುವಾಗಲೆಲ್ಲ ಮತ್ತೊಂದು ಸುಮ್ಮನೆ ಕಾಯುತ್ತಿತ್ತು. ಆಕೆ ಒಂದೊಂದಕ್ಕೂ ಅದರದೇ ಎಣಿಕೆಯನ್ನು ಕೊಟ್ಟು, ಯಾರಾದರೂ ಕೇಳಿದಾಗ ಮಾತ್ರ ಎರಡನ್ನೂ ಕೂಡಿಸುವಂತೆ ಮಾಡಿದರು. ಯಂತ್ರ ಚುರುಕಾಯಿತು, ಆರೂ ನೌಕರಿಗಳು ಉಳಿದವು.

ವಿಭಾಗದ ಮುಖ್ಯಸ್ಥ ಶ್ಯಾಮಸುಂದರ ಆಕೆಯ ವರದಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಏನಮ್ಮಾ ಇದು, 'ಕೂಡಿಸುವ ಕ್ಷಣದಲ್ಲಿ ಮೊತ್ತ ತುಸು ಹಿಂದೆ ಬಿದ್ದಿರಬಹುದು' ಅಂತ? ಮೇಲಿನವರು ನೋಡಿದ್ರೆ ಲೆಕ್ಕಾನೇ ತಪ್ಪು ಅಂತಾರೆ. ತೆಗೆದುಬಿಡಿ."

"ತಪ್ಪಲ್ಲ ಸಾರ್. ಒಂದೂ ಕಳೆದುಹೋಗಲ್ಲ. ಆದ್ರೆ ನಾವು ಕೂಡಿಸೋವಾಗ್ಲೂ ಅವು ಎಣಿಸ್ತಾನೇ ಇರ್ತವೆ. ಅದನ್ನ ಮುಚ್ಚಿಟ್ಟು ನಾನು ಸಹಿ ಹಾಕಲ್ಲ."

"ಹಂಗಾದ್ರೆ ವರದೀಲಿ ನಿಮ್ಮ ಹೆಸರೇ ಇರಲ್ಲ."

"ಬೇಡ ಬಿಡಿ ಸಾರ್."

ಸಾಲನ್ನೂ ಹೆಸರನ್ನೂ ಕಳೆದುಕೊಂಡ ವರದಿ ಮೇಲಕ್ಕೆ ಹೋಯಿತು; ಬಡ್ತಿ ಶ್ಯಾಮಸುಂದರರಿಗೆ ಬಂತು. ಆ ಸುದ್ದಿ ಬಂದ ಸಂಜೆ ಮನೆಯಲ್ಲಿ ಅಕ್ಕ ಶಿವಕ್ಕ, "ಒಂದು ಸಾಲಿಗೋಸ್ಕರ ಇಷ್ಟೆಲ್ಲ ಬಿಟ್ಟು ಬಂದ್ಯೇನೇ?" ಎಂದು ಸಿಡುಕಿದಾಗ ತಟ್ಟೆಯ ಮೇಲಿನ ಕಣ್ಣನ್ನು ಎತ್ತದೆ ಜಗದಾಂಬಾ ಹೇಳಿದರು: "ಹೊಟ್ಟೆ ಉರಿಯುತ್ತೆ ಕಣಕ್ಕ. ಆದ್ರೂ ಕೈ ಬರಲಿಲ್ಲ."

ಮರುದಿನ ಯಂತ್ರದ ಪಕ್ಕದಲ್ಲಿರುತ್ತಿದ್ದ ಕೈಪಿಡಿಯ ಅಂಚಿನಲ್ಲಿ ಆ ಸಾಲನ್ನು ಶಾಯಿಯಿಂದ ದುಂಡಗೆ ಬರೆದಿಟ್ಟರು. ಮುಂದೆ ಎಂಟು ವರ್ಷ ಅದೇ ಹುದ್ದೆಯಲ್ಲಿ ದುಡಿದರು.

ತಿಳಿದದ್ದನ್ನು ತಿಳಿದಷ್ಟೇ ಹೇಳುವ ಇಂಥವರು ತಮ್ಮ ಕಾಲದಲ್ಲಿ ಹಟಮಾರಿಗಳೆನಿಸಿಕೊಂಡು ಒಂಟಿಯಾಗುತ್ತಾರೆ; ಸುತ್ತಲಿನವರು ನಿಶ್ಚಿಂತೆಯಿಂದ ಅವರ ಕೆಲಸವನ್ನು ನಂಬಿ ಬಾಳುತ್ತಾರೆ, ಆ ನಿಶ್ಚಿಂತೆಗೆ ಬೆಲೆ ತೆತ್ತವರು ಯಾರೆಂದು ಕೇಳುವುದಿಲ್ಲ.