ಹೆಬ್ಬೆರಳಿನ ಬಣ್ಣ

ತಾನು ಕೆಲಸ ಮಾಡುವ ಗ್ಯಾರೇಜಿನಿಂದ ತಂದ ಥಿನ್ನರ್ ಡಬ್ಬಿಯ ಮುಚ್ಚಳವನ್ನು ಫೈಸಲ್ ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದ. ನಸೀಮ್ ಬಾನು ಡಬ್ಬಿಯನ್ನು ಮಗನ ಕೈಯಿಂದ ತೆಗೆದುಕೊಂಡು ಹೊಸ್ತಿಲಾಚೆ ಇಟ್ಟು ಬಂದಳು.

“ಅದು ಗಾಡಿಯ ಪೇಂಟಿಗೆ ಹಾಕೋದು ಕಣೋ. ನಿಮ್ಮ ಅಬ್ಬಾನ ಕೈಗಲ್ಲ.”

“ಮತ್ತೇನು ಮಾಡ್ಲಿ ಅಮ್ಮೀ? ಇಮ್ದಾದ್ ಚಾಚಾ ಆಗ್ಲೇ ನೀರು ಕಾಯೋಕಿಟ್ಟವ್ರೆ. ಉಗುರಿನ ಮೇಲೆ ಬಣ್ಣ ಇದ್ರೆ ಗುಸ್ಲ್ ಆಗಲ್ಲ. ನೀರು ಉಗುರಿಗೆ ತಾಗ್ಬೇಕು.”

ಮಣ್ಣಿಗೆ ಕೊಡುವ ಮುಂಚಿನ ಆ ಕೊನೆಯ ಸ್ನಾನದ ನಿಯಮವನ್ನು ನಸೀಮ್ ಬಾನುಗೆ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಬೆಳಿಗ್ಗೆಯಿಂದ ಅವಳಿಗೆ ಅಳು ಬಂದಿರಲಿಲ್ಲ. ಯಾರೋ ಕೊಟ್ಟ ಟೀ ಕುಡಿದಿದ್ದಳು, ಸಕ್ಕರೆ ಜಾಸ್ತಿ ಎಂದುಕೊಂಡಿದ್ದಳು, ಅಷ್ಟೇ.

ಅವಳ ಗಂಡ ನೂರ್ ಅಹಮದ್ ಹೋದದ್ದು ತೀರಾ ಸದ್ದಿಲ್ಲದೆ. ದಂಡಿನಶಿವರದ ಕಡೆ ವ್ಯಾಪಾರಕ್ಕೆ ಹೊರಡುವ ದಿನವಾದ್ದರಿಂದ ಬೆಳಿಗ್ಗೆಯೇ ಟಿವಿಎಸ್‌ಗೆ ಪೆಟ್ಟಿಗೆ ಕಟ್ಟಿ, ಒಂದು ಕಿಕ್ ಹೊಡೆದು, “ಯಾಕೋ ತಡಿ” ಅಂತ ಜಗಲಿಯ ಮೇಲೆ ಕೂತ. ಕೂತವನು ಏಳಲಿಲ್ಲ. ಆಸ್ಪತ್ರೆಯವರು ನೋಡಿ, ಹೃದಯ ಎಂದು ಹೇಳಿ ಕಳಿಸಿದರು. ಈಗ ನಡುಮನೆಯಲ್ಲಿ ಚಾಪೆಯ ಮೇಲೆ ಬಿಳಿ ಚಾದರ ಹೊದ್ದು ಮಲಗಿದ್ದ. ಎಡಗೈ ಮಾತ್ರ ಚಾದರದಿಂದ ಹೊರಗಿತ್ತು.

ಆ ಕೈಯಲ್ಲಿ ಐದು ಉಗುರು, ಐದು ಗುಲಾಬಿ. ಒಂದರ ಹಾಗೆ ಇನ್ನೊಂದಿಲ್ಲ. ಕಿರುಬೆರಳಿನದು ಸೀಬೆಹಣ್ಣಿನ ತಿರುಳು. ಉಂಗುರದ ಬೆರಳಿನದು ಈರುಳ್ಳಿ ಸಿಪ್ಪೆ, ಅದರ ಮೇಲೆ ಬಿಳಿ ಚುಕ್ಕಿಗಳ ಒಂದು ಸಣ್ಣ ಹೂವು. ನಡುಬೆರಳಿನದು ಬೊಂಬಾಯಿ ಮಿಠಾಯಿ. ತೋರುಬೆರಳಿನದು ಕರು ಹಾಕಿದ ಹಸುವಿನ ಕೆಚ್ಚಲು. ಹೆಬ್ಬೆರಳಿನದು ಎಳನೀರಿನ ತೊಟ್ಟು ಕಿತ್ತಾಗ ಅದರಡಿಯಲ್ಲಿ ಕಾಣುತ್ತದಲ್ಲ, ಆ ನಸುಗೆಂಪು.

“ತುಮಕೂರಿಂದ ಬೀಗರು ಹೊರಟವ್ರಂತೆ,” ಫೈಸಲ್ ದನಿ ತಗ್ಗಿಸಿದ. “ಅವ್ರು ಬರೋದ್ರೊಳಗೆ ಒರೆಸಿಬಿಟ್ರೆ ಒಳ್ಳೇದು.”

ಓಹೋ, ಅವಸರ ಗುಸ್ಲ್‌ನದ್ದಲ್ಲ, ಬೀಗರದ್ದು. ನಸೀಮ್ ಬಾನುಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

“ನಾನೇ ಒರೆಸ್ತೀನಿ. ಪೆಟ್ಟಿಗೆ ತಗೊಂಡು ಬಾ,” ಎಂದಳು.

⁂

ನೂರ್ ಅಹಮದ್‌ಗೆ ಅಂಗಡಿ ಇರಲಿಲ್ಲ. ಟಿವಿಎಸ್‌ನ ಹಿಂದೆ ಒಂದು ಪೆಟ್ಟಿಗೆ: ಬಳೆ, ಟೇಪು, ಪಿನ್ನು, ನೇಲ್ ಪಾಲಿಶ್. ತಿಪಟೂರಿನಿಂದ ಹೊರಟರೆ ಒಂದು ದಿನ ದಬ್ಬೇಘಟ್ಟ, ಒಂದು ದಿನ ಹಂದನಕೆರೆ, ಒಂದು ದಿನ ದಂಡಿನಶಿವರ. ನಡುವೆ ಸಿಕ್ಕ ತೋಟದ ಮನೆಗಳೆಲ್ಲ ಅವನವೇ. ಹೆಂಗಸರು ಕಾಯಿ ಸುಲಿದ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಕೂತು ವ್ಯಾಪಾರ ಮಾಡುತ್ತಿದ್ದರು. ಬಳೆಯದು ಸುಲಭ, ತೊಟ್ಟು ನೋಡಬಹುದು. ಪಾಲಿಶಿನದೇ ಕಷ್ಟ. ಸೀಸೆಯಲ್ಲಿ ಕಾಣುವ ಬಣ್ಣವೇ ಒಂದು, ಉಗುರಿಗೆ ಹಚ್ಚಿದ ಮೇಲೆ ಬರುವ ಬಣ್ಣವೇ ಒಂದು. ಕೆಲವರು ಹತ್ತು ಸೀಸೆ ತೆಗೆಸಿ, ಹತ್ತು ಬೆರಳಿಗೂ ಹಚ್ಚಿ ನೋಡಿ, “ಯಾವ್ದೂ ಒಪ್ಪಲಿಲ್ಲ ಬುಡಿ ಸಾಬ್ರೇ” ಅಂತ ಎದ್ದು ಹೋಗುತ್ತಿದ್ದರು. ಪುಕ್ಕಟೆ ಸಿಂಗಾರ ಅಂದರೆ ಯಾರಿಗೆ ಬೇಡ!

ಕೊನೆಗೆ ಒಂದು ದಿನ ಅವನು ತನ್ನ ಎಡಗೈಗೇ ಹಚ್ಚಿಕೊಂಡು ಹೋದ. ಗಾಜಿನ ಬೀರು ಇಲ್ಲದವನಿಗೆ ಕೈಯೇ ಬೀರು. ಹೆಂಗಸರು ಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಆಮೇಲೆ ಬೆರಳಿನ ಹೆಸರು ಹೇಳಿ ಬಣ್ಣ ಕೇಳತೊಡಗಿದರು. “ಸಾಬ್ರೇ, ನಂಗೆ ಹೋದ್ ಸಲದ ಉಂಗುರದ ಬೆರಳಿಂದು ಕೊಡಿ.” ಬಳೆ ಸಾಬ್ರು ಎಂಬ ಹೆಸರು ಬಣ್ಣದ ಸಾಬ್ರು ಎಂದಾಯಿತು.

ಹೆಂಗಸರು ನಕ್ಕು ಮರೆತರು, ಗಂಡಸರು ನಕ್ಕು ನೆನಪಿಟ್ಟುಕೊಂಡರು. ಫೈಸಲ್‌ನನ್ನು ಶಾಲೆಯಲ್ಲಿ ಹುಡುಗರು ‘ಪಾಲಿಶ್’ ಎಂದೇ ಕರೆದರು. ಅವನು ಅಪ್ಪನಿಗೆ ಶಾಲೆಯ ಗೇಟಿನವರೆಗೆ ಬರಬೇಡ ಎಂದ. ನೂರ್ ಅಹಮದ್ ತಿರುವಿನಲ್ಲೇ ಗಾಡಿ ನಿಲ್ಲಿಸಿ, ಎಡಗೈಯನ್ನು ಜೇಬಿಗೆ ಹಾಕಿಕೊಂಡು, ಬಲಗೈಯಲ್ಲಿ ಟಾಟಾ ಮಾಡುತ್ತಿದ್ದ.

ಮಸೀದಿಯದೇ ನಿಜವಾದ ತೊಡಕು. ಉಗುರಿಗೆ ಬಣ್ಣ ಇದ್ದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಆಗದು, ವುಜೂ ಆಗದೆ ನಮಾಜಿಲ್ಲ. ಅದಕ್ಕೆ ಗಂಡ ಹೆಂಡತಿ ಒಂದು ದಾರಿ ಮಾಡಿಕೊಂಡರು. ಗುರುವಾರ ಸಂಜೆ ಬಣ್ಣ ಒರೆಸುವುದು, ಶುಕ್ರವಾರ ವ್ಯಾಪಾರ ಬಿಟ್ಟು ಜುಮ್ಮಾ ನಮಾಜು, ಶನಿವಾರ ಬೆಳಿಗ್ಗೆ ಮತ್ತೆ ಬಣ್ಣ.

“ಉಳಿದ ದಿನದ್ದು?” ಎಂದು ಅವಳು ಕೇಳಿದ್ದಳು.

“ಉಳಿದ ದಿನ ನನ್ನ ಪಾಲಿಂದೂ ನೀನೇ ಕೇಳ್ಕೋ. ಇಬ್ಬರಲ್ಲಿ ಒಬ್ಬರ ಉಗುರಾದ್ರೂ ಖಾಲಿ ಇರ್ಲಿ.”

ಹಾಗಾಗಿ ಮನೆಯಲ್ಲಿ ಪೆಟ್ಟಿಗೆಗಟ್ಟಲೆ ಪಾಲಿಶ್ ಇದ್ದೂ ನಸೀಮ್ ಬಾನು ಒಂದು ದಿನವೂ ಹಚ್ಚಿಕೊಂಡವಳಲ್ಲ. ಆದರೆ ಆರಿಸುವವಳು ಅವಳೇ. ಹೊಸ ಮಾಲು ಬಂದಾಗ ಅವನು ಗುಲಾಬಿ ಸೀಸೆಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ. ಕಂಪನಿಯವರು ಮುಚ್ಚಳದ ಮೇಲೆ ಬರೆದ ಹೆಸರು ಇಬ್ಬರಿಗೂ ಬೇಕಿರಲಿಲ್ಲ. “ಇದು ಬೀಟ್ರೂಟ್ ಕಲಸಿದ ಅನ್ನ, ಬೇಡ. ಇದು ಜ್ವರದ ಮಾತ್ರೆ, ಬೇಡವೇ ಬೇಡ. ಇದು ಕೆಚ್ಚಲು, ದನ ಕರೆಯೋರಿಗೆ ಹಿಡಿಸುತ್ತೆ, ಇಟ್ಕೊಳ್ಳಿ.” ಕಪ್ಪು ಕೈಗೆ ಯಾವುದು ಹೊಂದುತ್ತೆ, ಕಾಯಿಮಟ್ಟೆಯ ಕರೆ ಹಿಡಿದ ಉಗುರನ್ನು ಯಾವುದು ಮುಚ್ಚುತ್ತೆ ಎಂದೆಲ್ಲ ಯೋಚಿಸಿ ಹೇಳುತ್ತಿದ್ದಳು. ಹುಡುಗಿಯರು ಮೊಬೈಲಿನಲ್ಲಿ ನೋಡಿ ಡಿಸೈನು ಕೇಳಲು ಶುರು ಮಾಡಿದ ಮೇಲೆ ತೆಂಗಿನ ಪೊರಕೆಯ ಕಡ್ಡಿಯ ತುದಿ ಅದ್ದಿ ಗಂಡನ ಉಗುರಿನ ಮೇಲೆ ಚುಕ್ಕಿ, ಹೂವು, ಬಳ್ಳಿ ಇಡುವುದನ್ನೂ ಕಲಿತಳು. ಅವನು ಉಸಿರು ಬಿಗಿಹಿಡಿದು ಕೂರುತ್ತಿದ್ದ.

ಕೊನೆಯಲ್ಲಿ ಅವನು ಕೇಳುತ್ತಿದ್ದ, “ಇಷ್ಟರಲ್ಲಿ ನಿಂಗೆ ಯಾವ್ದು ಇಷ್ಟ? ಮಾರೋದು ಬಿಡು. ನಿಂಗೆ?”

ಅವಳು ಒಂದನ್ನು ತೋರಿಸುತ್ತಿದ್ದಳು. ಅದು ಹೆಬ್ಬೆರಳಿಗೆ. ವಾರ ಕಳೆದು ಅವಳು ವಿಚಾರಿಸಿದರೆ ಅವನದು ಒಂದೇ ಉತ್ತರ: “ನಿಂದೇ ಮೊದ್ಲು ಖಾಲಿ ಕಣೇ.” ಅವಳಿಗೆ ಒಳಗೊಳಗೇ ಹೆಮ್ಮೆ.

⁂

ಫೈಸಲ್ ಪೆಟ್ಟಿಗೆ ತಂದಿಟ್ಟ. ನಸೀಮ್ ಬಾನು ಬಣ್ಣ ಒರೆಸುವ ನೀರಿನ ಸೀಸೆ ತೆಗೆದಳು, ಹತ್ತಿ ತೆಗೆದಳು, ಗಂಡನ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಇಟ್ಟುಕೊಂಡು ಸುಮ್ಮನೆ ಕೂತಳು. ಬಣ್ಣ ಹೋದರೆ ಇದು ಯಾವುದೋ ಮುದುಕನ ಕೈ. ತಾನೇ ಒರೆಸಿ ಅದನ್ನು ಯಾರದೋ ಕೈ ಮಾಡಬೇಕು, ಮಧ್ಯಾಹ್ನದ ನಮಾಜಿನೊಳಗೆ. ಅದೊಂದು ಅವಳಿಂದ ಆಗುತ್ತಿರಲಿಲ್ಲ.

ಇಮ್ದಾದ್ ಬಾಗಿಲಲ್ಲಿ ಬಂದು ನಿಂತ. ಅದೇ ಗಲ್ಲಿಯ ಟೈಲರ್, ನೂರ್ ಅಹಮದ್‌ನ ಹಳೆಯ ಗೆಳೆಯ. ಹೆಣಕ್ಕೆ ಹೊದಿಸುವ ಕಫನ್ ಬಟ್ಟೆಯನ್ನೂ ಅವನೇ ಅಳೆದು ಹರಿದಿದ್ದ.

“ಭಾಭಿ, ನೀರು ಹದ ಆಗೈತೆ.”

“ಇವತ್ತು ಗುರುವಾರ ಅಲ್ಲ,” ಎಂದಳು ನಸೀಮ್ ಬಾನು.

ಇಮ್ದಾದ್ ಫೈಸಲ್‌ನ ಮುಖ ನೋಡಿದ. ಫೈಸಲ್ ನೆಲ ನೋಡಿದ. “ನಿಧಾನಕ್ಕೆ ಆಗ್ಲಿ ಭಾಭಿ, ನೀರು ಆರಿದ್ರೆ ಮತ್ತೆ ಕಾಯಿಸ್ತೀನಿ,” ಎಂದು ಇಮ್ದಾದ್ ಒಲೆಯ ಹತ್ತಿರ ಹೋದ.

ಆಗಲೇ ಗಲ್ಲಿಯಲ್ಲಿ ದೊಡ್ಡ ದನಿ ಕೇಳಿಸಿತು. “ಬಣ್ಣದ ಸಾಬ್ರ ಮನೆ ಇದೇ ಏನಪ್ಪಾ?”

ದಂಡಿನಶಿವರದವರು. ಮುಂದೆ ಚಿಕ್ಕಗೌರಮ್ಮ, ಎಲೆಅಡಿಕೆ ಬಾಯಿಯ ಗಟ್ಟಿ ಮುದುಕಿ. ಹಿಂದೆ ಅವಳ ಮೊಮ್ಮಗಳು ಕೃತಿಕಾ, ಇನ್ನೂ ನಾಲ್ಕಾರು ಹೆಂಗಸರು. ಬೆಳಿಗ್ಗೆ ಸಾಬರು ಬರುತ್ತಾರೆಂದು ಕಾದು, ಬಾರದೆ, ಕೃತಿಕಾ ಫೋನು ಮಾಡಿದಾಗ ಎತ್ತಿದವನು ಫೈಸಲ್. ವಿಷಯ ತಿಳಿದವರು ಸಿಕ್ಕ ಬಸ್ಸು ಹತ್ತಿ ಬಂದಿದ್ದರು. ಚಿಕ್ಕಗೌರಮ್ಮನ ಕೈಯಲ್ಲಿ ಒಂದು ಸೇವಂತಿಗೆ ಹಾರ. ಈ ಮನೆಯಲ್ಲಿ ಹಾರ ಹಾಕುತ್ತಾರೋ ಇಲ್ಲವೋ ತಿಳಿಯದೆ ಅದನ್ನು ಹಿಡಿದೇ ನಿಂತಳು.

“ನಮ್ಮಲ್ಲಿ ಹಾರ…” ಎಂದ ಫೈಸಲ್.

“ಕೊಡಿ,” ಎಂದು ನಸೀಮ್ ಬಾನು ಕೈ ಚಾಚಿ ಹಾರವನ್ನು ಪೆಟ್ಟಿಗೆಯ ಮೇಲೆ ಇಟ್ಟಳು.

ಹೆಂಗಸರು ಗೋಡೆಯ ಪಕ್ಕ ಕೂತರು. ಮಂಡಿಯ ಮೇಲೆ ಇಟ್ಟುಕೊಂಡ ಅವರ ಕೈಗಳು ಒಂದೊಂದಾಗಿ ನಸೀಮ್ ಬಾನುಗೆ ಕಂಡವು. ಒಬ್ಬಳದು ಹೋದ ವಾರದ ಈರುಳ್ಳಿ ಸಿಪ್ಪೆ, ತುದಿಯಲ್ಲಿ ಎದ್ದುಹೋಗಿತ್ತು. ಒಬ್ಬಳದು ಕೆಚ್ಚಲು. ಕೃತಿಕಾಳ ಉಗುರಿನ ಮೇಲೆ ಐದು ಚುಕ್ಕಿಯ ಹೂವು, ತಾನೇ ಮೊದಲು ಇಟ್ಟಿದ್ದ ಹೂವು. ನಸೀಮ್ ಬಾನು ದಂಡಿನಶಿವರದ ಮುಖವನ್ನೇ ನೋಡಿದವಳಲ್ಲ.

ಚಿಕ್ಕಗೌರಮ್ಮ ಅವಳನ್ನೇ ದಿಟ್ಟಿಸುತ್ತಿದ್ದಳು.

“ನೀವೇ ಏನವ್ವಾ ಹೆಬ್ಬೆಳ್ಳಿನ ಬಣ್ಣದೋರು?”

“ಏನು?”

“ಅದೇ ಕಣವ್ವಾ, ಹೆಬ್ಬೆಳ್ಳಿಂದು. ನಾನೂ ಕೇಳಿ ಕೇಳಿ ಸಾಕಾದೆ. ಬ್ಯಾರೆ ನಾಕು ಬೆಳ್ಳಿಂದು ಕೊಟ್ಟಾರು, ಅದೊಂದು ಮಾತ್ರ ಜಪ್ಪಯ್ಯ ಅಂದ್ರೂ ಇಲ್ಲ. ದುಡ್ಡು ಜಾಸ್ತಿ ಕೊಡ್ತೀನಿ ಅಂದ್ರೂ ಇಲ್ಲ.”

“ನನ್ ಮದ್ವೆಗಾದ್ರೂ ಕೊಡಿ ತಾತ ಅಂದೆ,” ಎಂದಳು ಕೃತಿಕಾ. “ಹೂವಿನ ಡಿಸೈನು ಪುಕ್ಸಟ್ಟೆ ಹಾಕ್ಕೊಟ್ರು, ಅದನ್ನ ಕೊಡ್ಲಿಲ್ಲ.”

“ಮೊದ್ಲು ಖಾಲಿ ಆಗ್ತಿದ್ದದ್ದೇ ಅದು ಅಂತ ನಂಗೆ ಹೇಳ್ತಿದ್ರು,” ಎಂದಳು ನಸೀಮ್ ಬಾನು.

“ಎಲ್ಲಿ ಖಾಲಿ! ತಂದ್ರೆ ತಾನೆ ಖಾಲಿ ಆಗಾದು? ಅದು ಮಾರಾದಲ್ಲಮ್ಮ, ನಮ್ಮನೆಯೋರು ಆರ್ಸಿದ್ದು ಅನ್ನೋರು. ಅವ್ರು ನಮಾಜು ಮಾಡ್ತಾರೆ, ಹಚ್ಕಳಂಗಿಲ್ಲ, ಅದ್ಕೇ ಅವ್ರ ಪಾಲಿಂದು ನಾನು ಹಚ್ಕಂಡಿವ್ನಿ ಅನ್ನೋರು. ಊರೋರೆಲ್ಲ ರೇಗ್ಸಿದ್ರೂ ನಗ್ತಾ ಹೇಳೋರು. ನಿಮ್ಮ ಹೆಸ್ರು ನಮಗ್ಯಾರಿಗೂ ಗೊತ್ತಿಲ್ಲ ಕಣವ್ವಾ. ಹೆಬ್ಬೆಳ್ಳಿನ ಬಣ್ಣದೋರು ಅಂದ್ರೆ ಮಕ್ಳಿಗೂ ಗೊತ್ತು.”

ಬೆಳಿಗ್ಗೆಯಿಂದ ಎಲ್ಲೂ ತಾಗದೆ ನಿಂತಿದ್ದ ನೋವು ಆಗ ತಾಗಿತು. ಸುಳ್ಳುಗಾರ, ಎಂದುಕೊಂಡಳು ನಸೀಮ್ ಬಾನು. ಇಷ್ಟು ವರ್ಷ ನನಗೊಂದು ಹೇಳಿ, ಊರಿಗೊಂದು ಹೇಳಿ. ಗೋಡೆಗೆ ಒರಗಿ ನಿಂತಿದ್ದ ಫೈಸಲ್ ಹೊರಗೆ ಹೋಗಿ, ಹೊಸ್ತಿಲಾಚೆ ಇದ್ದ ಥಿನ್ನರ್ ಡಬ್ಬಿಯನ್ನು ಎತ್ತಿಕೊಂಡು ಎಲ್ಲೋ ಇಟ್ಟು ಬಂದ. ಬೀಗರ ಕಾರು ಬಂದು ನಿಂತ ಸದ್ದಾಯಿತು. ಅವನು ಅತ್ತ ಹೋಗಲಿಲ್ಲ. ಅಮ್ಮನ ಪಕ್ಕ ಮಂಡಿಯೂರಿ ಕೂತು, ಗ್ರೀಸ್ ಹಿಡಿದ ಕೈಯಿಂದ ಅಪ್ಪನ ಮಣಿಕಟ್ಟನ್ನು ಹಿಡಿದುಕೊಂಡ.

“ಒರೆಸು ಅಮ್ಮೀ,” ಎಂದ. “ನಾನು ಹಿಡ್ಕೊಂಡಿರ್ತೀನಿ.”

ಅವಳು ಗುರುವಾರದ ಹಾಗೆ ಕಿರುಬೆರಳಿನಿಂದ ಶುರು ಮಾಡಿದಳು. ಸೀಬೆಯ ತಿರುಳು ಹೋಯಿತು. ಈರುಳ್ಳಿ ಸಿಪ್ಪೆ ಹೋಯಿತು, ಹೂವು ಒಂದು ಕ್ಷಣ ಹರಡಿ ಹೋಯಿತು. ಮಿಠಾಯಿ ಹೋಯಿತು, ಕೆಚ್ಚಲು ಹೋಯಿತು. ಹೆಬ್ಬೆರಳಿಗೆ ಬಂದಾಗ ಹತ್ತಿ ನಲುಗಿಹೋಗಿತ್ತು. ಬೇರೆ ಹತ್ತಿಗೆ ಕೈ ಹಾಕದೆ, ಸೀಸೆಯಿಂದ ಎರಡು ಹನಿ ಬಿಟ್ಟು, ಅವಳು ತನ್ನ ಹೆಬ್ಬೆರಳಿನ ಉಗುರನ್ನೇ ಅವನದರ ಮೇಲೆ ಒತ್ತಿ, ತಿಕ್ಕಿ ತಿಕ್ಕಿ ಒರೆಸಿದಳು.

ಅವನ ಉಗುರು ಬೋಳಾಗಿ, ಬಿಳಿಚಿ, ಶುಕ್ರವಾರದ ಉಗುರಿನ ಹಾಗಾಯಿತು.

⁂

ಫೈಸಲ್ ಮಣ್ಣು ಕೊಟ್ಟು ಖಬರಸ್ತಾನದಿಂದ ಬಂದಾಗ ದಂಡಿನಶಿವರದವರು ಬಸ್ಸಿಗೆ ಹೋಗಿಯಾಗಿತ್ತು. ಗಲ್ಲಿಯಲ್ಲಿ ಕೊಬ್ಬರಿಯ ವಾಸನೆ, ಜಗಲಿಯ ಮುಂದೆ ಟಿವಿಎಸ್ ಬೆಳಿಗ್ಗೆ ನಿಂತಲ್ಲೇ ನಿಂತಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿಸಿತು. ನಸೀಮ್ ಬಾನು ಹಿತ್ತಲ ನಲ್ಲಿಯ ಮುಂದೆ ವುಜೂ ಮಾಡಲು ಕೂತಿದ್ದಳು, ನೀರು ಸುರಿಯುತ್ತಲೇ ಇತ್ತು.

ಕೈಯ ಮಣ್ಣು ತೊಳೆಯಲು ಬಂದ ಫೈಸಲ್ ಬಗ್ಗಿ ನೋಡಿದ. ಅವಳ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಆ ನಸುಗೆಂಪು ಮೆತ್ತಿ ಒಣಗಿತ್ತು, ಅರ್ಧ ಉಗುರಿನಷ್ಟು.

“ಅಮ್ಮೀ, ನಿನ್ನ ಉಗುರಿಗೆ ಹತ್ತೈತೆ. ಹಂಗೇ ಇದ್ರೆ ವುಜೂ ಆಗಲ್ಲ.” ಒಳಗೆ ಹೋಗಿ ಸೀಸೆಯನ್ನೂ ಹತ್ತಿಯನ್ನೂ ತಂದು ಅವಳ ಮುಂದೆ ಹಿಡಿದ.

ನಸೀಮ್ ಬಾನು ನಲ್ಲಿ ನಿಲ್ಲಿಸಿದಳು. ಹೆಬ್ಬೆರಳನ್ನು ಒಳಗೆ ಮಡಚಿ, ಉಳಿದ ನಾಲ್ಕು ಬೆರಳನ್ನು ಅದರ ಮೇಲೆ ಮುಚ್ಚಿ, ಒದ್ದೆ ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡಳು.