ಎರಡು ಸುಳಿಯ ಮೈನಾ

ಅಪ್ಪನ ಕೆನ್ನೆಗೆ ಹಚ್ಚಿದ ಸೋಪಿನ ನೊರೆ ಒಣಗುತ್ತ ಬಂದರೂ ಮಗನ ಕೈ ಮೇಲೇಳಲಿಲ್ಲ. ಇಪ್ಪತ್ತು ವರ್ಷದಿಂದ ಆ ಬೀದಿಯ ಗಂಡಸರ ಗಡ್ಡವನ್ನೆಲ್ಲ ಕಣ್ಣುಮುಚ್ಚಿ ಹೆರೆದವನು, ಈಗ ಕ್ಷೌರದ ಕತ್ತಿ ಹಿಡಿದು ಬೊಂಬೆಯಂತೆ ಕೂತಿದ್ದ. ಕೊನೆಗೆ ಮೈನಾ ಒದ್ದೆ ಬಟ್ಟೆಯಿಂದ ನೊರೆಯನ್ನು ಮತ್ತೆ ತೇವ ಮಾಡಿ, ಸತ್ತ ಮುದುಕನ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಶುರು ಮಾಡಿ ಅಣ್ಣ. ನಾನು ಹಿಡ್ಕೊಂಡಿರ್ತೀನಿ."

ಕತ್ತಿ ಸರಿಯಿತು. ಬಾಗಿಲ ಹತ್ತಿರ ನಿಂತಿದ್ದ ಪಕ್ಕದ ಅಂಗಡಿಯ ದರ್ಜಿ ತಡೆಯಲಾರದೆ, ಮುದುಕನೇ ಆಗಿದ್ದರೆ ಇಷ್ಟು ಹೊತ್ತಿಗೆ ಮೂರು ಗಿರಾಕಿ ಮುಗಿಸಿ ನಾಲ್ಕನೆಯವನಿಗೆ ರಾಜಕೀಯ ಪಾಠ ಹೇಳುತ್ತಿದ್ದ ಅಂದ. ಅಳುತ್ತಿದ್ದವರೂ ಮೂಗು ಒರೆಸಿಕೊಂಡು ನಕ್ಕರು. ಸುಳ್ಳೇನಲ್ಲ. ಕತ್ತರಿಗಿಂತ ಬಾಯಿ ಚುರುಕಾಗಿದ್ದ ಮನುಷ್ಯ. ಎರಡು ಕುರ್ಚಿ, ಮೂಲೆ ಒಡೆದ ಒಂದು ಕನ್ನಡಿ, ಗೂಟಕ್ಕೆ ತೂಗುಬಿಟ್ಟ ಚರ್ಮದ ಪಟ್ಟಿ, ಇಷ್ಟರಲ್ಲೇ ಐವತ್ತು ವರ್ಷ ಕಳೆದಿದ್ದ. ಆದರೆ ಈಚೆಗೆ ಒಂದು ವರ್ಷದಿಂದ ಮಾತೇ ನಿಂತುಹೋಗಿತ್ತು ಎಂದು ದರ್ಜಿಯೇ ಮತ್ತೆ ಹೇಳಿದ. ಕೈ ನಡುಗುತ್ತೆ ಅಂತ ಅನಾಥಾಲಯದ ಮಕ್ಕಳ ಕೂದಲು ಕತ್ತರಿಸಲು ಹೋಗುವುದನ್ನು ಬಿಟ್ಟನಂತೆ, ಅಂಗಡಿಯಲ್ಲಿ ಮಾತ್ರ ಕೈ ನಡುಗಿದ್ದನ್ನು ಯಾರೂ ಕಾಣಲಿಲ್ಲವಂತೆ.

ಮೈನಾ ನಗಲಿಲ್ಲ. ಅವಳ ಜೀವವೆಲ್ಲ ಬೀದಿಯ ಕೊನೆಯ ಅನಾಥಾಲಯದಲ್ಲಿತ್ತು. ಅಲ್ಲಿಯೇ ಬೆಳೆದವಳು, ಎಂಟು ತಿಂಗಳಿಂದ ಅಲ್ಲಿಯೇ ನರ್ಸು. ಕಾಯಿಲೆ ಕೋಣೆಯಲ್ಲಿ ಗಿಣಿ ಎಂಬ ಆರು ವರ್ಷದ ಹುಡುಗಿ ನಾಲ್ಕು ದಿನದಿಂದ ಜ್ವರ ಹಿಡಿದು ಮಲಗಿದ್ದಳು. ಬೆಳಿಗ್ಗೆ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಂತೆ ಆಗಿ, ಕರೆದರೆ ಓಗೊಡಲಿಲ್ಲ. ಆಸ್ಪತ್ರೆಗೆ ಒಯ್ಯಲೇಬೇಕು ಎಂದು ಮೈನಾ ದೊಡ್ಡಪ್ಪನ ಮುಂದೆ ನಿಂತು ಬೇಡಿಕೊಂಡಿದ್ದಳು. ಅನಾಥಾಲಯ ನಡೆಸುವವರನ್ನು ಮಕ್ಕಳೆಲ್ಲ ಕರೆಯುವುದು ದೊಡ್ಡಪ್ಪ ಅಂತಲೇ. ಬಂದ ಮಗುವಿಗೆಲ್ಲ ಒಂದು ಹಕ್ಕಿಯ ಹೆಸರಿಡುವುದು ಅವರ ಪದ್ಧತಿ. ಅವರು ಎಂದಿನ ಮೆತ್ತಗಿನ ದನಿಯಲ್ಲಿ, ಆಸ್ಪತ್ರೆ ಅಂದರೆ ಮಕ್ಕಳು ಹೆದರುತ್ತವೆ, ಸಂಜೆವರೆಗೆ ನೋಡೋಣ, ನೀನು ತಾತನ ಮನೆಗೆ ಹೋಗಿ ಬಾ, ಇಲ್ಲಿ ನಾನಿದ್ದೀನಲ್ಲ ಎಂದಿದ್ದರು. ಒಂದು ಗಂಟೆ ರಜೆಗೂ ಮುಖ ಸಣ್ಣ ಮಾಡುವವರು ಈ ಹೊತ್ತು ತಾವಾಗಿಯೇ ಅವಳನ್ನು ಹೊರಗೆ ಕಳಿಸಿದ್ದರು. ಅದು ಅವಳಿಗೆ ಅಂಗಾಲಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು.

ಅನಾಥಾಲಯದ ಗೇಟಿನ ಮೇಲೊಂದು ಫಲಕವಿದೆ. ಮೂವತ್ತೆಂಟು ವರ್ಷಗಳಲ್ಲಿ ಇಲ್ಲಿ ಒಂದು ಮಗುವೂ ತೀರಿಕೊಂಡಿಲ್ಲ ಎಂದು ಅದರಲ್ಲಿ ಬರೆದಿದೆ. ಪ್ರತಿ ಮಗುವಿಗೂ ದೂರದ ದೇಶದಿಂದ ಹಣ ಕಳಿಸುವ ಒಬ್ಬ ಪೋಷಕಿ. ವರ್ಷಕ್ಕೊಮ್ಮೆ ಮಗುವಿನ ಫೋಟೊ ಅವರಿಗೆ ಹೋಗಬೇಕು. ಬಂದ ಅತಿಥಿಗಳೆಲ್ಲ ಆ ಫಲಕ ಓದಿ ದೊಡ್ಡಪ್ಪನ ಕೈ ಕುಲುಕುತ್ತಿದ್ದರು. ಓದಿದಾಗಲೆಲ್ಲ ಮೈನಾಳಿಗೂ ಎದೆ ಉಬ್ಬುತ್ತಿತ್ತು, ನಿನ್ನೆಯವರೆಗೆ.

*

ಮಕ್ಕಳು ಕತ್ತರಿ ತಾತ ಎನ್ನುತ್ತಿದ್ದ ಆ ಮುದುಕನ ಸ್ಟೂಲಿನ ಮೇಲೆ ಮೈನಾ ಮೊದಲ ಸಲ ಕೂತಾಗ ಅವಳಿಗೆ ಐದೋ ಆರೋ. ಅದಕ್ಕಿಂತ ಹಿಂದಿನದು ನೆನಪಿನಲ್ಲಿ ಏನೂ ಉಳಿದಿಲ್ಲ. ಒಂದು ಬಸ್ ನಿಲ್ದಾಣ, ಜನರ ಕಾಲುಗಳು, ಯಾರೋ ಕೊಟ್ಟ ಬನ್ನು, ಅಷ್ಟೇ.

ತಾತ ಅಂಗಳದ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಮಕ್ಕಳನ್ನು ಒಂದೊಂದಾಗಿ ಕೂರಿಸಿಕೊಳ್ಳುತ್ತಿದ್ದ. ಕತ್ತರಿ ಹಿಡಿಯುವ ಮುಂಚೆ ನೆತ್ತಿಯ ಮೇಲೆ ತೋರುಬೆರಳಿಟ್ಟು ಸುಳಿ ಹುಡುಕುವುದು ಅವನ ಅಭ್ಯಾಸ. ಸುಳಿ ಯಾವ ಕಡೆ ತಿರುಗಿದೆ ಅಂತ ಗೊತ್ತಾಗದೆ ಕತ್ತರಿಸಿದರೆ ಕೂದಲು ಮುಳ್ಳುಹಂದಿಯ ಹಾಗೆ ಎದ್ದು ನಿಲ್ಲುತ್ತದೆ ಎನ್ನುತ್ತಿದ್ದ. ಮುಖ ಮರೆತೇನು, ತಲೆ ಮರೆಯಲ್ಲ ಎಂದು ಜಂಬ ಕೊಚ್ಚುತ್ತಿದ್ದ.

ಅವತ್ತು ದೊಡ್ಡಪ್ಪ ಅವನ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿ ಒಂದು ಫೋಟೊ. ಅದನ್ನು ನೋಡಿಕೊಂಡು ಹಾಗೇ ಕತ್ತರಿಸಬೇಕು, ಹಣೆಯ ಮೇಲೆ ಇಷ್ಟು, ಕಿವಿಯ ಹತ್ತಿರ ಇಷ್ಟು ಎಂದು ಬೆರಳಲ್ಲಿ ಅಳತೆ ತೋರಿಸಿದರು. ಆಮೇಲೆ ಅವಳ ಕಡೆ ಬಗ್ಗಿ, "ನಿನ್ನ ಹೆಸರೇನು ಹೇಳು ತಾತನಿಗೆ" ಎಂದರು. ಮೂರು ದಿನದಿಂದ ಕಲಿಸಿಕೊಟ್ಟದ್ದನ್ನು ಅವಳು ತಪ್ಪಿಲ್ಲದೆ ಹೇಳಿದಳು. "ಮೈನಾ."

ಅವಳ ನೆತ್ತಿಯ ಮೇಲಿದ್ದ ಬೆರಳು ನಿಂತುಬಿಟ್ಟಿತು. ತನ್ನ ತಲೆಯಲ್ಲಿ ಹೇನಿದೆ ಅಂತ ಸಿಟ್ಟು ಬಂತೇನೋ ಎಂದು ಅವಳು ನಾಚಿಕೊಂಡಿದ್ದಳು. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ತಾತ ಅವಳಿಗೆ ಮಾತ್ರ ಎರಡು ಪೆಪ್ಪರಮೆಂಟು ಕೊಡುತ್ತಿದ್ದ. ಒಂದು ನಿನಗೆ ಎನ್ನುತ್ತಿದ್ದ. ಇನ್ನೊಂದು ಯಾರಿಗೆ ಎಂದು ಯಾವತ್ತೂ ಹೇಳಲಿಲ್ಲ.

*

ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ತರುವ ನೆಪದಲ್ಲಿ ತಾತನ ಹೆಂಡತಿ ಮೈನಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕದ ಮುಂದೆ ಮಾಡಿದಳು. ಅಳು ಮುಗಿದು ಒಣಗಿದ ಮುಖ. ಬಗ್ಗು ಅಂದಳು. ಬಗ್ಗಿದ ತಲೆಯ ಕೂದಲು ಸರಿಸಿ, ಬೆರಳಾಡಿಸಿ ನೋಡಿ, ನೀರಿನ ಕೊಡದ ಪಕ್ಕ ಕೂತಳು.

"ಒಂದೇ," ಎಂದಳು. "ನಮ್ಮ ಯಜಮಾನರು ಹೇಳಿದ್ದು ನಿಜ."

"ಏನಜ್ಜಿ?"

"ನಿನಗಿಂತ ಮುಂಚೆ ಅಲ್ಲಿ ಒಬ್ಬಳು ಮೈನಾ ಇದ್ದಳು ಮಗಳೇ. ಅವಳಿಗೆ ಎರಡು ಸುಳಿ. ಕೂದಲು ಹೇಳಿದ ಮಾತು ಕೇಳ್ತಿರಲಿಲ್ಲ ಅಂತ ಮನೆಗೆ ಬಂದು ಬೈತಿದ್ರು, ನಗ್ತಿದ್ರು. ಒಂದು ತಿಂಗಳು ಹೋಗಿ ನೋಡಿದ್ರೆ ಅದೇ ಹೆಸರು, ಅದೇ ಎತ್ತರ, ಅದೇ ಫ್ರಾಕು. ಸುಳಿ ಮಾತ್ರ ಒಂದು. ಮುಖಾನ ತಿದ್ದಬಹುದು, ಹೆಸರನ್ನ ಕಲಿಸಬಹುದು, ಸುಳಿ ಹುಟ್ಟಿನಿಂದ ಮಣ್ಣಿಗೆ ಹೋಗೋವರೆಗೂ ಬದಲಾಗಲ್ಲ."

ಮೈನಾ ನೆತ್ತಿಯ ಮೇಲೆ ತಾನೇ ಬೆರಳಿಟ್ಟು ಸುಳಿ ಹುಡುಕಿದಳು.

ಉಳಿದದ್ದನ್ನು ಅಜ್ಜಿ ಪಿಸುಮಾತಿನಲ್ಲಿ, ಗೋಡೆಗೆ ಹೆದರಿದವಳಂತೆ ಹೇಳಿದಳು. ಅಲ್ಲಿ ಮಗು ಸತ್ತರೆ ಸತ್ತಿತು ಅನ್ನುವುದಿಲ್ಲ. ಆಸ್ಪತ್ರೆಗೆ ಹೋದರೆ ಸಾವು ಕಾಗದಕ್ಕೆ ಬರುತ್ತದೆ, ಅದಕ್ಕೇ ಒಯ್ಯುವುದಿಲ್ಲ. ಬದಲಿಗೆ ಅದೇ ವಯಸ್ಸಿನದೊಂದನ್ನು ಎಲ್ಲಿಂದಲೋ ತಂದು, ಅದೇ ಹಾಸಿಗೆ, ಅದೇ ಹೆಸರು ಕೊಟ್ಟು, ಕೂದಲು ಕತ್ತರಿಸಿ ಫೋಟೊ ತೆಗೆದು ಕಳಿಸುತ್ತಾರೆ. ಹಕ್ಕಿ ಹಾರಿಹೋದರೂ ಪಂಜರ ಖಾಲಿ ಕಾಣುವುದಿಲ್ಲ. ಸತ್ತವು ಹಿಂದಿನ ಹಿತ್ತಲಲ್ಲೇ ಎಲ್ಲೋ ಇವೆ. ತಾತನ ಬೆರಳಿಗೆ ಸಿಕ್ಕ ಲೆಕ್ಕ ಒಂಬತ್ತು. ಇವಳು ನಾಲ್ಕನೆಯವಳು. ಹೋದ ವರ್ಷ ಒಂಬತ್ತನೆಯ ತಲೆ ಮುಟ್ಟಿದ ದಿನ ಕತ್ತರಿ ಕೆಳಗಿಟ್ಟು ಬಂದವನು ಮತ್ತೆ ಆ ಗೇಟು ದಾಟಲಿಲ್ಲ. ಅವನ ಬದಲು ಹೋಗುವ ಮಗನಿಗೆ ಏನೂ ಗೊತ್ತಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು, ಅಂಗಡಿಯಿರುವ ಕಟ್ಟಡವೂ ದೊಡ್ಡಪ್ಪನದೇ ಎಂದು, ಬಿಸಿ ತುಪ್ಪವನ್ನು ಬಾಯಲ್ಲಿ ಇಟ್ಟುಕೊಂಡ ಹಾಗೆ ಇಷ್ಟು ವರ್ಷ ಕಳೆದ. ಸಾಯುವ ಮೂರು ದಿನ ಮೊದಲು ಹೆಂಡತಿಯ ಹತ್ತಿರ ಉಗುಳಿದ.

"ಕೆಟ್ಟವರಲ್ಲ ಕಣೇ. ಹೆದರಿದ್ರು," ಅಂದಳು ಅಜ್ಜಿ. "ಹೆದರಿದ ಒಳ್ಳೆಯವರು. ಅಂಥವರಿಂದ ಏನು ಪ್ರಯೋಜನ, ಹೇಳು."

ಮೈನಾ ತನ್ನದು ಅಂದುಕೊಂಡಿದ್ದ ಹೆಸರು, ಹುಟ್ಟುಹಬ್ಬ, ಆ ದೂರದ ಪೋಷಕಿ ಬರೆದ ಕಾಗದಗಳು, ಎಲ್ಲ ಇನ್ನೊಂದು ಹುಡುಗಿಯವು. ಹಾಗಾದರೆ ತಾನು ಯಾರು? ಆದರೆ ಅದನ್ನು ಯೋಚಿಸುತ್ತ ಕೂರಲು ಅವಳಿಗೆ ಪುರಸೊತ್ತಿರಲಿಲ್ಲ. ಗಿಣಿಯ ನೆನಪಾಗಿ ಕದದ ಕಡೆ ತಿರುಗಿದಳು.

ಅಷ್ಟರಲ್ಲಿ ಹೊರಗೆ ಕುರ್ಚಿಗಳು ಸರಿದವು. ದೊಡ್ಡಪ್ಪ ಬಂದಿದ್ದರು. ಬಿಳಿ ಅಂಗಿ, ದೊಡ್ಡ ಹೂಮಾಲೆ, ಕಣ್ಣಂಚಿನಲ್ಲಿ ನೀರು ಕೂಡ. ಹಾರ ಹಾಕಿ, ಶವದ ಪಾದ ಮುಟ್ಟಿ, ಮಗನ ಹೆಗಲ ಮೇಲೆ ಕೈ ಹಾಕಿ ಅಡುಗೆಮನೆಯ ಬಾಗಿಲಿನವರೆಗೂ ನಡೆಸಿಕೊಂಡು ಬಂದರು. ಕದದ ಸಂದಿಯಲ್ಲಿ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಇಂಥ ಹೊತ್ತಲ್ಲಿ ಕೇಳಬಾರದಪ್ಪ. ಎಲ್ಲ ಮುಗಿದ ಮೇಲೆ, ಸಂಜೆ ಒಂದ್ಸಲ ಕತ್ತರಿ ಹಿಡ್ಕೊಂಡು ಬಂದು ಹೋಗ್ತೀಯಾ?"

"ಹೋದ ಭಾನುವಾರ ತಾನೇ ಎಲ್ಲಾ ಮಕ್ಕಳಿಗೂ ಮಾಡಿ ಬಂದೆನಲ್ಲ ಸಾರ್?"

"ಒಂದು ತಲೆ ಉಳಿದಿದೆ. ಚಿಕ್ಕದು."

ಅಜ್ಜಿ ಮತ್ತು ಮೈನಾ ಒಬ್ಬರನ್ನೊಬ್ಬರು ನೋಡಿಕೊಂಡರು. ಕದ ತೆರೆಯಿತು. ದೊಡ್ಡಪ್ಪ ಅವಳನ್ನು ಕಂಡು ನಕ್ಕರು. ಕೇಳಿಸಿಕೊಂಡಳೇ ಎಂದು ಅಳೆಯುತ್ತಿದ್ದಾರೆ ಎನಿಸಿತು ಅವಳಿಗೆ. ಬಟ್ಟೆ ಹುಡುಕುತ್ತಿದ್ದೆ ಅಂದಳು. ಗಿಣಿ ಹೇಗಿದ್ದಾಳೆ ಎಂದು ಕೇಳದೇ ಇದ್ದರೆ ಅನುಮಾನ ಬರುತ್ತದೆ ಎಂದು ಕೇಳಿಯೂ ಕೇಳಿದಳು.

"ಆರಾಮಾಗಿದ್ದಾಳೆ ಮಗಳೇ. ನಾಳೆ ಬೆಳಿಗ್ಗೆ ನೋಡು, ಎದ್ದು ಓಡಾಡ್ತಿರ್ತಾಳೆ."

ಹಾಗೆಂದು ಅವಳ ತಲೆ ಸವರಿದರು. ಇಪ್ಪತ್ತು ವರ್ಷ ಆ ಕೈಯನ್ನು ಅವಳು ಆಶೀರ್ವಾದ ಎಂದುಕೊಂಡಿದ್ದಳು. ಈಗ ಅದು ತಲೆಯ ಮೇಲೆ ಇರುವಷ್ಟು ಹೊತ್ತೂ ಅವಳು ಉಸಿರಾಡಲಿಲ್ಲ.

ಹೊರಗಿನಿಂದ ದರ್ಜಿ, ಸಾರ್, ತಾತನ ಬಗ್ಗೆ ನೀವು ಎರಡು ಮಾತು ಆಡಬೇಕು ಎಂದು ಕೂಗಿದ. ದೊಡ್ಡಪ್ಪನಿಗೆ ಮಾತಾಡಿ ಎಂದರೆ ಬೇಡ ಎನ್ನಲು ಗೊತ್ತಿಲ್ಲ. ಅವರು ಅತ್ತ ತಿರುಗಿದ್ದೇ ತಡ, ಅಜ್ಜಿ ಹಿಂಬಾಗಿಲ ಚಿಲಕ ತೆಗೆದಳು. ಇಡೀ ಬೆಳಗ್ಗೆ ಕೂತಲ್ಲಿಂದ ಏಳಲು ಇಬ್ಬರ ಕೈ ಹಿಡಿಯುತ್ತಿದ್ದ ಮುದುಕಿ ಒಬ್ಬಳೇ ಎದ್ದು ನಿಂತಿದ್ದಳು.

"ಓಡು," ಅಂದಳು.

ಅವಳು ಓಡಿದಳು. ಸೈಕಲ್ ಅಂಗಡಿ, ಬೇಕರಿ, ಬಣ್ಣದ ಡಬ್ಬಗಳ ಗೋದಾಮು. ಯಾರೋ ಏನಾಯಿತು ಸಿಸ್ಟರ್ ಎಂದು ಕೇಳಿದರು. ದೊಡ್ಡಪ್ಪನ ದನಿ ಬೀದಿಯ ಉದ್ದಕ್ಕೂ ಬೆನ್ನಟ್ಟಿ ಬರುತ್ತಿತ್ತು: ತಾತ ಮಕ್ಕಳನ್ನು ಎಷ್ಟು ಪ್ರೀತಿಸುತ್ತಿದ್ದ ಎಂದು ಹೇಳುತ್ತಿದ್ದರು. ಮಾತು ಮುಗಿದರೆ ಅವರಿಗೆ ಕಾರಿದೆ, ತನಗೆ ಕಾಲು ಮಾತ್ರ.

ಗೇಟಿನಿಂದ ಹೋಗದೆ ಹಿಂದಿನ ಹಿತ್ತಲಿನ ಮುರಿದ ಬೇಲಿಯಲ್ಲಿ ನುಗ್ಗಿದಳು. ಹಿತ್ತಲ ಮಣ್ಣಿನ ಮೇಲೆ ಕಾಲಿಡುವಾಗ, ಎಲ್ಲಿ ತುಳಿಯಬಾರದೋ ಗೊತ್ತಿಲ್ಲದೆ, ಅಳು ಬಂತು.

ಕಾಯಿಲೆ ಕೋಣೆಯಲ್ಲಿ ಗಿಣಿ ಹಾಸಿಗೆಯ ಮೇಲೇ ಇದ್ದಳು. ಮೈ ಬಾಣಲೆಯಂತೆ ಸುಡುತ್ತಿತ್ತು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಇನ್ನೂ ಇದ್ದಳು.

ಕಿಟಕಿಯ ಕೆಳಗಿನ ಬೆಂಚಿನ ಮೇಲೆ ಇನ್ನೊಂದು ಹುಡುಗಿ ಕೂತಿತ್ತು. ಗಿಣಿಯಷ್ಟೇ ಎತ್ತರ. ಗಿಣಿಯ ಹಸಿರು ಫ್ರಾಕು. ಭುಜದವರೆಗೆ ಸಿಕ್ಕುಗಟ್ಟಿದ ಕೂದಲು. ಬೀದಿಯ ಕೊಳೆ ಇನ್ನೂ ಬಿಡದ ಪಾದಗಳನ್ನು ಅಲ್ಲಾಡಿಸುತ್ತ, ತೊಡೆಯ ಮೇಲಿನ ಫೋಟೊ ನೋಡುತ್ತಿತ್ತು. ಮೈನಾಳನ್ನು ಕಂಡು ತಪ್ಪು ಮಾಡಿದಂತೆ ನೆಟ್ಟಗೆ ಕೂತಿತು.

"ಅಕ್ಕಾ, ಈ ಹಾಸಿಗೆ ನನ್ನದಂತೆ. ಯಾವಾಗ ಖಾಲಿ ಆಗುತ್ತೆ?"

ಮೈನಾ ಗಿಣಿಯನ್ನು ದುಪ್ಪಟಿ ಸಮೇತ ಎತ್ತಿ ಹೆಗಲಿಗೆ ಹಾಕಿಕೊಂಡಳು. ಆಸ್ಪತ್ರೆ ಎರಡು ಬೀದಿಯಾಚೆ. ತಿರುಗಿ ನೋಡುವಷ್ಟರಲ್ಲಿ ಆ ಹುಡುಗಿ ಬೆಂಚಿನಿಂದ ಇಳಿದು, ಹಾಸಿಗೆ ಹತ್ತಿ, ದಿಂಬನ್ನು ಸರಿಮಾಡಿಕೊಂಡು ಮಲಗಿಬಿಟ್ಟಿತ್ತು. ಹೊರಗೆ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು.

"ಏಳು ಮಗೂ. ನೀನೂ ಬಾ ನನ್ನ ಜೊತೆ, ಬೇಗ," ಎಂದು ಮೈನಾ ಕೈ ಚಾಚಿದಳು. ಹುಡುಗಿ ಏಳಲಿಲ್ಲ. ಎದ್ದರೆ ಹಾಸಿಗೆ ಹೋದೀತೆಂಬ ಭಯ ಅದಕ್ಕೆ. "ನಿನ್ನ ಹೆಸರೇನು, ಹೇಳು."

ಹುಡುಗಿ ಬಾಗಿಲ ಕಡೆ ನೋಡಿತು. ಕಲಿಸಿದ್ದನ್ನು ಕಲಿಸಿದ ಹಾಗೇ, ಗಟ್ಟಿಯಾಗಿ ಹೇಳಿತು.

"ಗಿಣಿ."

ಹೆಗಲ ಮೇಲೆ ತಲೆಯಿಟ್ಟಿದ್ದವಳು ಕಣ್ಣು ತೆರೆಯಲಿಲ್ಲ. ಒಣಗಿದ ತುಟಿ ಮಾತ್ರ ಮೈನಾಳ ಕುತ್ತಿಗೆಗೆ ತಾಗಿ ಅಲ್ಲಾಡಿತು.

"ಇದ್ದೀನಿ."